ದ್ವೇಷವನ್ನು ಯಾವ ಕಪಾಟಿನಲ್ಲಿಡಬೇಕು?

ದ್ವೇಷ ಭಾಷಣದ ಚರ್ಚೆ ಎದ್ದಾಗಲೆಲ್ಲ ನಮಗೆ ನೆನಪಾಗುವುದು ಪೊಲೀಸ್ ಠಾಣೆ, ನ್ಯಾಯಾಲಯ ಮತ್ತು ಚುನಾವಣಾ ಆಯೋಗ. ಒಂದು ಮನವಿ ಪತ್ರ, ಒಂದು ಪ್ರತಿಭಟನೆ, ಒಂದು ಎಫ್‌ಐಆರ್. ಅಲ್ಲಿಗೆ ನಮ್ಮ ಹೊಣೆ ಮುಗಿಯಿತೆಂದು ಭಾವಿಸುತ್ತೇವೆ. ಈ ಪಟ್ಟಿಯಲ್ಲಿ ಗ್ರಂಥಾಲಯದ ಹೆಸರು ಎಂದೂ ಬಂದದ್ದಿಲ್ಲ. ಆದರೆ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ವಿದ್ವಾಂಸರು ದ್ವೇಷ ಭಾಷಣವನ್ನು ತಮ್ಮ ಸಂಶೋಧನೆಯ ವಸ್ತುವನ್ನಾಗಿ ಆಯ್ದುಕೊಂಡು ಬಹುಕಾಲವಾಯಿತು. ಅವರ ಪ್ರಶ್ನೆಗಳು ವಕೀಲರ ಪ್ರಶ್ನೆಗಳಲ್ಲ. ಹೇಳಿದವನಿಗೆ ಎಷ್ಟು ವರ್ಷ ಶಿಕ್ಷೆ ಎಂದು ಅವರು ಕೇಳುವುದಿಲ್ಲ. ಹೇಳಿದ್ದನ್ನು ಸಂಗ್ರಹಿಸಿಡಬೇಕೇ? ಯಾವ ಹೆಸರಿನಡಿ ಇಡಬೇಕು? ಯಾರ ಕೈಗೆ ಕೊಡಬೇಕು? ಸತ್ಯ ಹುಡುಕಿಕೊಂಡು ಬಂದವನಿಗೆ ಮೊದಲು ಕೈಗೆ ಸಿಗುವುದು ಸುಳ್ಳೇ ಆದರೆ ಅದಕ್ಕೆ ಯಾರು ಹೊಣೆ? ಈ ಪ್ರಶ್ನೆಗಳು ಒಣ ಪಾಂಡಿತ್ಯದಂತೆ ಕಾಣಬಹುದು. ವಸ್ತುಸ್ಥಿತಿ ಹಾಗಿಲ್ಲ ಎಂಬುದನ್ನು ಅರಿಯಲು ಓರ್ವ ಯಹೂದಿಯ ಬದುಕನ್ನು ನೋಡಬೇಕು.

ಆಲ್ಫ್ರೆಡ್ ವೀನರ್ 1885ರಲ್ಲಿ ಜರ್ಮನಿಯ ಪಾಟ್ಸ್‌ಡಾಮ್‌ನಲ್ಲಿ ಹುಟ್ಟಿದವರು. ಅವರು ಓದಿದ್ದು ಅರಬಿ ಸಾಹಿತ್ಯ. ಯುವಕನಾಗಿದ್ದಾಗ ಅರಬ್ ನಾಡುಗಳಲ್ಲಿ ಸುತ್ತಾಡಿದ್ದರು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಪರವಾಗಿ ಹೋರಾಡಿ ಪದಕವನ್ನೂ ಪಡೆದರು. ಯುದ್ಧ ಮುಗಿಸಿ ಮರಳಿದಾಗ ಬೀದಿಬೀದಿಯಲ್ಲಿ ಹಂಚಲಾಗುತ್ತಿದ್ದ ಯಹೂದಿ ವಿರೋಧಿ ಕರಪತ್ರಗಳು ಅವರನ್ನು ಎದುರುಗೊಂಡವು. ಇದು ಹತ್ಯಾಕಾಂಡದ ಮುನ್ಸೂಚನೆ ಎಂದು ಅವರು 1919ರಲ್ಲೇ ಒಂದು ಕಿರುಹೊತ್ತಗೆ ಬರೆದು ಎಚ್ಚರಿಸಿದರು. ಆಗ ಹಿಟ್ಲರನ ಹೆಸರನ್ನು ಕೇಳಿದವರು ವಿರಳ. ಅನಂತರ ಅವರು ಮಾಡಿದ ಕೆಲಸ ಮೇಲ್ನೋಟಕ್ಕೆ ತೀರಾ ಸಾಧಾರಣ. ನಾಝಿಗಳ ಕರಪತ್ರ, ಪತ್ರಿಕೆ, ಭಿತ್ತಿಚಿತ್ರ, ಭಾಷಣಗಳ ವರದಿ, ಹೀಗೆ ಕೈಗೆ ಸಿಕ್ಕಿದ್ದೆಲ್ಲವನ್ನೂ ಸಂಗ್ರಹಿಸಿ, ದಿನಾಂಕ ಬರೆದು, ವರ್ಗೀಕರಿಸಿ ಇಟ್ಟರು. 1933ರಲ್ಲಿ ದೇಶ ಬಿಡಬೇಕಾಗಿ ಬಂತು. ಆಮ್‌ಸ್ಟರ್‌ಡಾಮ್‌ನಲ್ಲಿ ಮತ್ತೆ ಮೊದಲಿನಿಂದ ಆರಂಭಿಸಿದರು. 1939ರಲ್ಲಿ ಅದೇ ಸಂಗ್ರಹವನ್ನು ಲಂಡನ್‌ಗೆ ಸಾಗಿಸಿದರು. ಅಲ್ಲಿ ಗ್ರಂಥಾಲಯ ಬಾಗಿಲು ತೆರೆದದ್ದು 1939ರ ಸೆಪ್ಟೆಂಬರ್ 1ರಂದು. ಪೋಲೆಂಡಿನ ಮೇಲೆ ಜರ್ಮನಿ ದಾಳಿ ಮಾಡಿದ್ದೂ ಅದೇ ದಿನ.

ಅವರ ಪತ್ನಿ ಮಾರ್ಗರೆಟ್ ಮತ್ತು ಮೂವರು ಹೆಣ್ಣುಮಕ್ಕಳು ಹಾಲೆಂಡಿನಲ್ಲೇ ಸಿಲುಕಿಕೊಂಡರು. ಬೆರ್ಗೆನ್-ಬೆಲ್ಸೆನ್ ಯಾತನಾ ಶಿಬಿರದಿಂದ 1945ರ ಆರಂಭದಲ್ಲಿ ಬಿಡುಗಡೆಯಾದ ಬೆನ್ನಿಗೇ ಆ ತಾಯಿ ಕೊನೆಯುಸಿರೆಳೆದರು. ದ್ವೇಷದ ಕಾಗದಗಳನ್ನು ಜೋಪಾನವಾಗಿ ಕಾಪಾಡಿದ ಮನುಷ್ಯನಿಗೆ ತನ್ನ ಪತ್ನಿಯನ್ನು ಕಾಪಾಡಲಾಗಲಿಲ್ಲ. ಆದರೆ ಆ ಕಾಗದಗಳು ನ್ಯೂರೆಂಬರ್ಗ್ ವಿಚಾರಣೆಯಲ್ಲಿ ನೆರವಿಗೆ ಬಂದವು. ಅದೇ ವಿಚಾರಣೆಯಲ್ಲಿ ಜೂಲಿಯಸ್ ಸ್ಟ್ರೈಷರ್ ಎಂಬ ಪತ್ರಿಕಾ ಸಂಪಾದಕನಿಗೆ ಮರಣದಂಡನೆಯಾಯಿತು. ಆತ ತನ್ನ ಕೈಯಿಂದ ಯಾರನ್ನೂ ಕೊಂದವನಲ್ಲ. ವರ್ಷಾನುಗಟ್ಟಲೆ ಬರೆದು ಅಚ್ಚು ಹಾಕಿದ ಬರಹವೇ ಆತನ ಅಪರಾಧ. ಆ ಬರಹದ ಪ್ರತಿಗಳು ಸಂಚಿಕೆವಾರು ಲಭ್ಯವಿರದಿದ್ದರೆ ಅಂತಹ ಮೊಕದ್ದಮೆ ನಿಲ್ಲಲು ಸಾಧ್ಯವಿತ್ತೇ?

ಈ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ನಮ್ಮ ರಾಜ್ಯದತ್ತ ತಿರುಗೋಣ. 2020ರ ಮಾರ್ಚ್ ತಿಂಗಳಲ್ಲಿ ದೆಹಲಿಯ ತಬ್ಲೀಗ್ ಕೇಂದ್ರದ ಹೆಸರಿನಲ್ಲಿ ಎದ್ದ ಬಿರುಗಾಳಿ ಯಾರಿಗೂ ಮರೆತಿಲ್ಲ. ರೋಗವನ್ನೂ ಧರ್ಮವನ್ನೂ ಜೋಡಿಸಿ ಹೊಸ ಪದವೊಂದನ್ನೇ ಟಂಕಿಸಲಾಯಿತು. ಹಣ್ಣು ತರಕಾರಿ ಮಾರುವವನ ಹೆಸರು ಕೇಳಿ ಬೀದಿಯಿಂದ ಓಡಿಸಲಾಯಿತು. ಆ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್‌ನ ಔರಂಗಾಬಾದ್ ಪೀಠವು ವಿದೇಶಿ ತಬ್ಲೀಗಿಗಳ ಮೇಲಿನ ಪ್ರಕರಣಗಳನ್ನು ರದ್ದುಪಡಿಸುತ್ತಾ, ಅವರನ್ನು ಬಲಿಪಶುಗಳನ್ನಾಗಿ ಮಾಡಲಾಗಿತ್ತೆಂದು ಹೇಳಿತು. ಅಷ್ಟರಲ್ಲಿ ಆಗಬೇಕಾದ ಹಾನಿ ಆಗಿ ಹೋಗಿತ್ತು. ಆದರೆ ಬೆಂಗಳೂರಿನ ಕೆಲವು ನಾಗರಿಕರು, ದ್ವೇಷ ಭಾಷಣ ವಿರೋಧಿ ಅಭಿಯಾನ ಎಂಬ ಹೆಸರಿನಲ್ಲಿ, ಸದ್ದಿಲ್ಲದೆ ಒಂದು ಕೆಲಸ ಮಾಡಿದ್ದರು. ಯಾವ ವಾಹಿನಿಯ ಯಾವ ಕಾರ್ಯಕ್ರಮದಲ್ಲಿ ಯಾವ ದಿನ ಏನೆಂದು ಹೇಳಲಾಯಿತು ಎಂಬ ದಾಖಲೆಯೊಂದಿಗೆ ಅವರು ಸುದ್ದಿ ಪ್ರಸಾರ ಗುಣಮಟ್ಟ ಪ್ರಾಧಿಕಾರದ ಮುಂದೆ ದೂರು ಕೊಟ್ಟರು. 2021ರ ಜೂನ್‌ನಲ್ಲಿ ಪ್ರಾಧಿಕಾರವು ನ್ಯೂಸ್18 ಕನ್ನಡ ವಾಹಿನಿಗೆ 1 ಲಕ್ಷ ರೂಪಾಯಿ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ವಿಧಿಸಿತು.

ದಂಡದ ಮೊತ್ತ ಜುಜುಬಿ ಎಂಬುದು ನಿಜ. ನಾವು ಗಮನಿಸಬೇಕಾದದ್ದು ಬೇರೆ. ಆ ದಿನಗಳಲ್ಲಿ ಸಿಟ್ಟಾದವರು ಲಕ್ಷಾಂತರ ಮಂದಿ. ದಿನಾಂಕ ಬರೆದುಕೊಂಡವರು ಬೆರಳೆಣಿಕೆಯವರು. ಆದೇಶ ಬಂದದ್ದು ಬೆರಳೆಣಿಕೆಯವರಿಂದ. ನಮ್ಮ ಕಚೇರಿಯ ಅನುಭವವನ್ನೇ ಹೇಳುವುದಾದರೆ, ಓದುಗರು ನಿತ್ಯವೂ ನಮಗೆ ವೀಡಿಯೋ ತುಣುಕುಗಳನ್ನು ಕಳುಹಿಸುತ್ತಾರೆ. ಜತೆಗೊಂದು ಸಾಲು: 'ಇದನ್ನು ನೋಡಿ, ಏನಾದರೂ ಬರೆಯಿರಿ.' ಯಾರು ಮಾತಾಡಿದ್ದು? ಯಾವ ಊರು? ಯಾವ ದಿನ? ತುಣುಕಿನ ಮೊದಲು ಮತ್ತು ನಂತರ ಏನಿತ್ತು? ಒಂದಕ್ಕೂ ಉತ್ತರವಿರುವುದಿಲ್ಲ. ಕೇಳಿದರೆ, ನನಗೂ ಯಾರೋ ಕಳುಹಿಸಿದ್ದು ಎನ್ನುತ್ತಾರೆ. ಮದ್ರಸದ ಬೆಂಚಿನಲ್ಲಿ ಹದೀಸ್ ಕಲಿತವರಿಗೆ ಈ ಉತ್ತರ ಕೇಳಿ ನಗು ಬರಬೇಕು. ಹೇಳಿದವನು ಯಾರು, ಆತ ಯಾರಿಂದ ಕೇಳಿದ, ಇಬ್ಬರೂ ಭೇಟಿಯಾದದ್ದು ಹೌದೇ, ಆತನ ನೆನಪಿನ ಶಕ್ತಿ ಹೇಗಿತ್ತು ಎಂದೆಲ್ಲ ವಿಚಾರಿಸದೆ ಒಂದು ವಾಕ್ಯವನ್ನೂ ಸ್ವೀಕರಿಸಬಾರದೆಂದು ಕಲಿಸಿದ ಪರಂಪರೆಯ ವಾರಸುದಾರರು ಇಂದು ಸನದ್ ಇಲ್ಲದ ತುಣುಕುಗಳನ್ನು ಹಂಚುವುದರಲ್ಲಿ ಮುಂಚೂಣಿಯಲ್ಲಿದ್ದಾರೆ.

ಇಲ್ಲೇ ಕಾಲದ ಪ್ರಶ್ನೆಯೂ ಇದೆ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯ ಪ್ರಕಾರ ಪ್ರಕಾಶಕರು ತಮ್ಮ ಪ್ರತಿಯೊಂದು ಪುಸ್ತಕವನ್ನೂ ಕೋಲ್ಕತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಕೆಲವು ಗ್ರಂಥಾಲಯಗಳಿಗೂ ಕೊಡಬೇಕು. 1956ರ ತಿದ್ದುಪಡಿ ಪತ್ರಿಕೆಗಳನ್ನೂ ಅದಕ್ಕೆ ಸೇರಿಸಿತು. ಅಂದರೆ 1960ರ ಇಸವಿಯಲ್ಲಿ ಒಂದು ಪತ್ರಿಕೆ ಕೋಮು ಪ್ರಚೋದಕ ಬರಹ ಪ್ರಕಟಿಸಿದ್ದರೆ ಅದನ್ನು ಇಂದಿಗೂ ಹುಡುಕಿ ತೆಗೆಯುವ ಅವಕಾಶವಿದೆ. ಟಿ.ವಿ. ವಾಹಿನಿಗಳ ಕತೆ ಹಾಗಲ್ಲ. ಪ್ರಸಾರವಾದದ್ದನ್ನು 90 ದಿನ ಇಟ್ಟುಕೊಳ್ಳಬೇಕೆಂಬುದು ಪರವಾನಗಿಯ ಮಾರ್ಗಸೂಚಿಯಲ್ಲಿರುವ ಷರತ್ತು. ಮೂರು ತಿಂಗಳ ಬಳಿಕ ಅದು ಉಳಿಯಲೇಬೇಕೆಂಬ ನಿಯಮವಿಲ್ಲ. ಇನ್ನು ವಾಟ್ಸ್‌ಆ್ಯಪ್‌ನ ಮಾತು ಹೇಳುವುದೇ ಬೇಡ. ಒಂದು ಹಳ್ಳಿಗೆ ಬೆಂಕಿ ಹಚ್ಚಿದ ಸಂದೇಶವು ಬೆಂಕಿ ಆರುವ ಮೊದಲೇ ಕಾಣೆಯಾಗಿರುತ್ತದೆ. ನಾಳೆ ಈ ಕಾಲದ ಇತಿಹಾಸ ಬರೆಯುವವನಿಗೆ 1927ರ ಲಾಹೋರಿನ ಕರಪತ್ರ ಯುದ್ಧದ ಬಗ್ಗೆ ಸಿಗುವಷ್ಟು ಸಾಮಗ್ರಿಯೂ 2020ರ ಕರ್ನಾಟಕದ ಬಗ್ಗೆ ಸಿಗಲಿಕ್ಕಿಲ್ಲ.

ಲಾಹೋರಿನ ಮಾತು ಬಂದದ್ದರಿಂದ ಒಂದು ವಿಷಯ ಹೇಳಬೇಕು. ಬ್ರಿಟಿಷ್ ಸರಕಾರ ಭಾರತದಲ್ಲಿ ಸಾವಿರಾರು ಪುಸ್ತಕ, ಕರಪತ್ರಗಳನ್ನು ನಿಷೇಧಿಸಿತು. ಸ್ವಾತಂತ್ರ್ಯದ ಗೀತೆಗಳೂ ಅದರಲ್ಲಿದ್ದವು, ಹಿಂದೂ ಮುಸ್ಲಿಮರನ್ನು ಪರಸ್ಪರ ಕೆರಳಿಸುವ ಹೊಲಸು ಬರಹಗಳೂ ಇದ್ದವು. ಆದರೆ ನಿಷೇಧಿಸಿದ ಅದೇ ಸರಕಾರ ಪ್ರತಿಗಳನ್ನು ಲಂಡನ್‌ಗೆ ಕಳುಹಿಸಿ ಜೋಪಾನ ಮಾಡಿತು. ಅವುಗಳ ಪಟ್ಟಿ 1985ರಲ್ಲಿ ಪುಸ್ತಕವಾಗಿಯೇ ಹೊರಬಂತು. ವಸಾಹತುಶಾಹಿಯನ್ನು ಮೆಚ್ಚಲು ನಮಗೆ ಕಾರಣಗಳಿಲ್ಲ. ಆದರೆ ನಿಷೇಧ ಮತ್ತು ನಾಶ ಒಂದೇ ಅಲ್ಲ ಎಂಬುದು ಆ ಗುಮಾಸ್ತರಿಗೆ ಗೊತ್ತಿತ್ತು.

ಸಂಗ್ರಹಿಸುವುದು ಮೊದಲ ಹಂತವಾದರೆ, ಹೆಸರಿಡುವುದು ಎರಡನೆಯದು. ಗ್ರಂಥಾಲಯಗಳಲ್ಲಿ ಪ್ರತಿ ಪುಸ್ತಕಕ್ಕೂ ಒಂದು ವಿಷಯ ಶೀರ್ಷಿಕೆ ಇರುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸಿದ್ಧಪಡಿಸುವ ಶೀರ್ಷಿಕೆಗಳನ್ನು ಜಗತ್ತಿನ ಅಸಂಖ್ಯ ಗ್ರಂಥಾಲಯಗಳು ಅನುಸರಿಸುತ್ತವೆ. ಸ್ಯಾನ್‌ಫೋರ್ಡ್ ಬರ್ಮನ್ ಎಂಬ ಅಮೆರಿಕನ್ ಗ್ರಂಥಪಾಲಕ 1960ರ ದಶಕದ ಕೊನೆಯಲ್ಲಿ ಝಾಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಕೆಲಸ ಮಾಡುತ್ತಿದ್ದಾಗ ಆ ಪಟ್ಟಿಯಲ್ಲಿ ಒಂದು ಶೀರ್ಷಿಕೆಯನ್ನು ಕಂಡರು: 'ಕಾಫಿರ್‌ಗಳು'. ಅದು ದಕ್ಷಿಣ ಆಫ್ರಿಕಾದ ಕಪ್ಪು ಜನರನ್ನು ಕುರಿತ ಪುಸ್ತಕಗಳಿಗೆ ಇಟ್ಟ ಹೆಸರು. ಆ ಪದ ನಮಗೆ ಅಲ್ಲಿ ಅಂಟಿಸಿದ ಬೈಗುಳ ಎಂದು ಆಫ್ರಿಕನ್ ಸಹೋದ್ಯೋಗಿಗಳು ಅವರಿಗೆ ತಿಳಿಸಿದರು. ಅದೇ ಪಟ್ಟಿಯಲ್ಲಿ 'ಯಹೂದಿ ಸಮಸ್ಯೆ', 'ಹಳದಿ ಗಂಡಾಂತರ' ಎಂಬ ಶೀರ್ಷಿಕೆಗಳೂ ಇದ್ದವು. 1971ರಲ್ಲಿ ಬರ್ಮನ್ ಪ್ರಕಟಿಸಿದ ಪುಸ್ತಕ ಇಂತಹ ಶೀರ್ಷಿಕೆಗಳನ್ನು ಒಂದೊಂದಾಗಿ ಎತ್ತಿ ತೋರಿಸಿತು. ಅನಂತರದ ದಶಕಗಳಲ್ಲಿ ಅವುಗಳಲ್ಲಿ ಬಹಳಷ್ಟು ಬದಲಾದವು.

ಆ ಒಂದು ಪದದ ಪಯಣವನ್ನು ನೋಡಿ. ಅರಬಿಯಲ್ಲಿ ಅದರ ಧಾತುವಿಗೆ ಮುಚ್ಚುವುದು ಎಂದರ್ಥ. ಬೀಜವನ್ನು ಮಣ್ಣಿನಿಂದ ಮುಚ್ಚುವ ರೈತನಿಗೂ ಕುರ್‌ಆನ್ ಒಂದೆಡೆ ಅದೇ ಪದವನ್ನು ಬಳಸಿದೆ. ಸತ್ಯವನ್ನು ಅರಿತೂ ಮುಚ್ಚಿಡುವವನು ಎಂಬುದು ಅದರ ಧಾರ್ಮಿಕ ಅರ್ಥ. ಪೂರ್ವ ಆಫ್ರಿಕಾದ ಕರಾವಳಿಯ ಅರಬ್ ವರ್ತಕರ ಬಾಯಿಯಿಂದ ಅದನ್ನು ಎತ್ತಿಕೊಂಡ ಯುರೋಪಿಯನ್ನರು ಇಡೀ ಜನಾಂಗಕ್ಕೆ ಆ ಹೆಸರಿಟ್ಟರು. ವರ್ಣಭೇದದ ಕಾಲದಲ್ಲಿ ಅದು ಚಾವಟಿಯಂತೆ ಬಳಕೆಯಾಯಿತು. ಇಂದು ದಕ್ಷಿಣ ಆಫ್ರಿಕಾದಲ್ಲಿ ಒಬ್ಬನನ್ನು ಹಾಗೆ ಕರೆದರೆ ನ್ಯಾಯಾಲಯಕ್ಕೆ ಎಳೆಯಲಾಗುತ್ತದೆ. ವರ್ತಕರ ಬಾಯಿಯಲ್ಲಿ ಆ ಪದ ತನ್ನ ಧಾರ್ಮಿಕ ಅರ್ಥವನ್ನು ಕಳಕೊಂಡು ಸಸಾರದ ಹೆಸರಾದದ್ದಕ್ಕೆ ಯುರೋಪಿಯನ್ನರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ನಮ್ಮ ಕೆಲವು ಉಪದೇಶಕರು ನೆರೆಮನೆಯ ಹಿಂದೂ ಸಹೋದರನನ್ನು ಉದ್ದೇಶಿಸಿ ಆ ಪದವನ್ನು ಎಸೆಯುವಾಗ ಅವರ ಮನಸ್ಸಿನಲ್ಲಿರುವುದು ಧಾತುವಿನ ಅರ್ಥವೇ? ಅಡ್ಡಹೆಸರಿನಿಂದ ಪರಸ್ಪರ ಹೀಯಾಳಿಸಬಾರದೆಂದು ಸೂರಃ ಅಲ್ ಹುಜುರಾತ್‌ನಲ್ಲಿ ಓದಿದವರೇ ಅಲ್ಲವೇ ಅವರು?

ಮೂರನೆಯ ಪ್ರಶ್ನೆ ಹುಡುಕಾಟದ್ದು. ಗ್ರಂಥಾಲಯಕ್ಕೆ ಹೋಗಿ ಕೇಳಿದರೆ ಗ್ರಂಥಪಾಲಕ ಒಂದು ಕ್ಷಣ ಯೋಚಿಸಿ ಪುಸ್ತಕ ಕೊಡುತ್ತಿದ್ದ. ಇಂದು ಆ ಸ್ಥಾನದಲ್ಲಿ ಗೂಗಲ್ ಇದೆ. ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದ ಸಫಿಯಾ ನೋಬಲ್ ಎಂಬ ಕಪ್ಪು ಮಹಿಳೆ, ಕಪ್ಪು ಹುಡುಗಿಯರ ಬಗ್ಗೆ ಹುಡುಕಿದರೆ ಗೂಗಲ್ ಅಶ್ಲೀಲ ತಾಣಗಳನ್ನು ಮುಂದಿಡುತ್ತಿದ್ದುದನ್ನು ಕಂಡು ಬೆಚ್ಚಿದರು. ಅಲ್ಲಿಂದ ಆರಂಭವಾದ ಅವರ ಸಂಶೋಧನೆ 2018ರಲ್ಲಿ ಪುಸ್ತಕವಾಯಿತು. ಅದರಲ್ಲಿ ಚರ್ಚಿಸಲಾದ ಒಂದು ಘಟನೆ ನಮ್ಮನ್ನು ಬಹಳ ಕಾಡಿದೆ. 2015ರ ಜೂನ್ 17ರಂದು ಅಮೆರಿಕದ ಚಾರ್ಲ್ಸ್‌ಟನ್ ನಗರದ ಚರ್ಚೊಂದರಲ್ಲಿ ಬೈಬಲ್ ಅಧ್ಯಯನಕ್ಕೆ ಕುಳಿತಿದ್ದ 9 ಮಂದಿ ಕಪ್ಪು ಜನರನ್ನು 21ರ ಹರೆಯದ ಬಿಳಿಯ ಯುವಕ ಗುಂಡಿಟ್ಟು ಕೊಂದ. ತನ್ನ ಹೇಳಿಕೆಯಲ್ಲಿ ಆತ, ಬಿಳಿಯರ ಮೇಲೆ ಕರಿಯರು ನಡೆಸುವ ಅಪರಾಧಗಳ ಬಗ್ಗೆ ತಾನು ಅಂತರ್ಜಾಲದಲ್ಲಿ ಹುಡುಕಿದ್ದಾಗಿಯೂ, ಮೊದಲು ಸಿಕ್ಕಿದ್ದು ಬಿಳಿಯರ ಶ್ರೇಷ್ಠತೆಯನ್ನು ಸಾರುವ ಸಂಘಟನೆಯ ತಾಣವೆಂದೂ ಬರೆದಿದ್ದ. ಸರಕಾರದ ಅಂಕಿಅಂಶ ಸಿಗಲಿಲ್ಲ, ಸಂಶೋಧಕರ ಲೇಖನ ಸಿಗಲಿಲ್ಲ. ಕೇಳಿದ ಪ್ರಶ್ನೆಯೇ ವಿಷಪೂರಿತವಾಗಿತ್ತು, ದೊರೆತ ಉತ್ತರ ಆ ವಿಷವನ್ನು ಹೆಚ್ಚಿಸಿತು. ನಮ್ಮ ಊರಿನ ಯುವಕನೋರ್ವ ಕನ್ನಡದಲ್ಲಿ ಮುಸ್ಲಿಮರ ಜನಸಂಖ್ಯೆಯ ಬಗ್ಗೆ, ಮದ್ರಸದ ಬಗ್ಗೆ ಹುಡುಕಿದರೆ ಮೊದಲ ಹತ್ತು ಉತ್ತರಗಳಲ್ಲಿ ಏನಿರುತ್ತದೆ? ಇದನ್ನು ಯಾವ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯೂ ಒಂದು ಮಧ್ಯಾಹ್ನ ಕುಳಿತು ಪರೀಕ್ಷಿಸಬಹುದು.

ಕನ್ನಡದಲ್ಲಿ ಏನೂ ನಡೆದಿಲ್ಲ ಎನ್ನುವಂತಿಲ್ಲ. 2020ರಲ್ಲಿ ಕೆಲವು ಸಂಶೋಧಕರು ಯೂಟ್ಯೂಬ್‌ನಿಂದ 7 ಸಾವಿರಕ್ಕೂ ಹೆಚ್ಚು ಕನ್ನಡ ಪ್ರತಿಕ್ರಿಯೆಗಳನ್ನು ಒಟ್ಟುಗೂಡಿಸಿ, ಯಾವುದು ನಿಂದನೆ, ಯಾವುದಲ್ಲ, ನಿಂದನೆ ವ್ಯಕ್ತಿಯ ಮೇಲೋ ಗುಂಪಿನ ಮೇಲೋ ಎಂದು ಗುರುತು ಹಾಕಿದರು. ಕಂಗ್ಲಿಷ್ ಬೆರಕೆಯ ಬರಹವನ್ನು ಕಂಪ್ಯೂಟರಿಗೆ ಕಲಿಸುವ ಈ ಪ್ರಯತ್ನ ಶ್ಲಾಘನೀಯ. ಆದರೆ ನಿಂದನೆ ಬೇರೆ, ದ್ವೇಷ ಬೇರೆ. ಹೋಟೆಲಿನಲ್ಲಿ ಇಬ್ಬರು ಗೆಳೆಯರು ಆಡುವ ಬೈಗುಳವನ್ನು ಯಂತ್ರ ಹಿಡಿದೀತು. ಒಂದೂ ಕೆಟ್ಟ ಪದ ಬಳಸದೆ, ಶುದ್ಧ ಗ್ರಾಂಥಿಕ ಕನ್ನಡದಲ್ಲಿ, 'ಅವರೊಂದಿಗೆ ವ್ಯಾಪಾರ ಬೇಡ' ಎಂದು ವಿನಯದಿಂದ ಹೇಳುವ ಭಿತ್ತಿಪತ್ರವನ್ನು ಅದು ಹಿಡಿಯುವುದು ಕಷ್ಟ. 2022ರಲ್ಲಿ ಕರಾವಳಿಯ ಜಾತ್ರೆಗಳ ಬಳಿ ಕಾಣಿಸಿಕೊಂಡ ಬ್ಯಾನರುಗಳಲ್ಲಿ ಬೈಗುಳ ಹುಡುಕಿ ಫಲವಿರಲಿಲ್ಲ.

ಈಗ ನಮ್ಮದೇ ಕಪಾಟಿನತ್ತ ಬರೋಣ. ಯಹೂದಿಗಳು ಜಗತ್ತನ್ನು ಆಳಲು ಸಂಚು ಹೂಡಿದ್ದಾರೆಂದು ಹೇಳುವ 'ಝಿಯೋನ್ ಹಿರಿಯರ ಪ್ರೋಟೊಕಾಲ್' ಎಂಬ ಪುಸ್ತಕ 1903ರಲ್ಲಿ ರಶ್ಯದಲ್ಲಿ ಹುಟ್ಟಿದ ನಕಲಿ. 1864ರ ಫ್ರೆಂಚ್ ರಾಜಕೀಯ ವಿಡಂಬನೆಯೊಂದರಿಂದ ಅದನ್ನು ಕದಿಯಲಾಗಿದೆ ಎಂಬುದನ್ನು ಲಂಡನ್ನಿನ ಟೈಮ್ಸ್ ಪತ್ರಿಕೆ 1921ರಲ್ಲೇ ಸಾಬೀತುಪಡಿಸಿತು. 1930ರ ದಶಕದಲ್ಲಿ ಸ್ವಿಟ್ಝರ್‌ಲ್ಯಾಂಡಿನ ಬರ್ನ್ ನಗರದಲ್ಲಿ ಅದರ ಮೇಲೆ ಮೊಕದ್ದಮೆ ನಡೆದಾಗ ದಾಖಲೆ ಒದಗಿಸಿದವರಲ್ಲಿ ವೀನರ್ ಅವರ ಕಚೇರಿಯೂ ಇತ್ತು. ಇಷ್ಟಾಗಿಯೂ 2003ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಹೊಸ ಗ್ರಂಥಾಲಯದ ಹಸ್ತಪ್ರತಿ ವಸ್ತುಸಂಗ್ರಹಾಲಯದಲ್ಲಿ ಅದರ ಅರಬಿ ಅನುವಾದವನ್ನು ಧರ್ಮಗ್ರಂಥಗಳ ಜತೆ ಪ್ರದರ್ಶನಕ್ಕಿಡಲಾಯಿತು. ಯುನೆಸ್ಕೋ ಆಕ್ಷೇಪಿಸಿತು. ನಿರ್ದೇಶಕ ಇಸ್ಮಾಯೀಲ್ ಸಿರಾಜುದ್ದೀನ್ ಅದನ್ನು ತೆಗೆಸಿ, ಅದೊಂದು ಕಟ್ಟುಕತೆ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಆ ಪುಸ್ತಕ ಗ್ರಂಥಾಲಯದಲ್ಲಿ ಇದ್ದದ್ದು ತಪ್ಪಲ್ಲ, ಇರಬೇಕು. ತೌರಾತ್‌ನ ಪಕ್ಕದಲ್ಲಿ ಇಟ್ಟದ್ದು ತಪ್ಪು. ಫೆಲೆಸ್ತೀನಿನ ಮೇಲಿನ ಇಸ್ರೇಲಿ ದೌರ್ಜನ್ಯವನ್ನು ಈ ಪತ್ರಿಕೆ ಖಂಡಿಸುತ್ತಲೇ ಬಂದಿದೆ. ಆ ನ್ಯಾಯದ ಹೋರಾಟಕ್ಕೆ ರಶ್ಯನ್ ನಕಲಿ ಪುಸ್ತಕದ ನೆರವು ಬೇಕಿಲ್ಲ. ನಮ್ಮ ಸಮ್ಮೇಳನಗಳ ಪುಸ್ತಕ ಮಳಿಗೆಗಳಲ್ಲಿ ಇಂತಹ ಸಂಚಿನ ಕತೆಗಳು ಇತಿಹಾಸದ ಹೆಸರಿನಲ್ಲಿ ಮಾರಾಟವಾಗುವುದನ್ನು ಕಂಡೂ ಕಾಣದಂತಿರುವವರು ಇತರರ ಸುಳ್ಳಿನ ಬಗ್ಗೆ ಯಾವ ಮುಖದಿಂದ ದೂರುವುದು?

ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1931ರಲ್ಲಿ ಅವರು ಮಂಡಿಸಿದ ಐದು ಸೂತ್ರಗಳಲ್ಲಿ ಮೂರನೆಯದು, ಪ್ರತಿ ಪುಸ್ತಕಕ್ಕೂ ಓರ್ವ ಓದುಗನಿದ್ದಾನೆ ಎನ್ನುತ್ತದೆ. ದ್ವೇಷದ ಪುಸ್ತಕಕ್ಕೆ ಓದುಗ ಯಾರು? ಸಂಶೋಧಕ, ವಕೀಲ, ಪತ್ರಕರ್ತ, ದ್ವೇಷಕ್ಕೆ ಗುರಿಯಾದ ಸಮುದಾಯದ ವಿದ್ಯಾರ್ಥಿ ಎಂದು ಉತ್ತರಿಸಬಹುದು. 2019ರ ಮಾರ್ಚ್ 15ರಂದು ನ್ಯೂಝಿಲ್ಯಾಂಡಿನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 51 ಮಂದಿಯನ್ನು ಕೊಂದವನ ಪ್ರಣಾಳಿಕೆಯನ್ನು ಅಲ್ಲಿನ ಮುಖ್ಯ ಸೆನ್ಸಾರ್ ಅಧಿಕಾರಿ ಒಂದು ವಾರದಲ್ಲಿ ನಿಷೇಧಿಸಿದರು. ಇಟ್ಟುಕೊಳ್ಳುವುದೂ ಹಂಚುವುದೂ ಅಪರಾಧವಾಯಿತು. ಆದರೆ ಪತ್ರಕರ್ತರು ಮತ್ತು ಸಂಶೋಧಕರು ಅರ್ಜಿ ಸಲ್ಲಿಸಿ ವಿನಾಯಿತಿ ಪಡೆಯಬಹುದೆಂದು ಅದರ ಜತೆಯಲ್ಲೇ ತಿಳಿಸಲಾಯಿತು. ನಮಗೆ ಇದು ಸರಿಯೆನಿಸುತ್ತದೆ. ನಮ್ಮ ಮುಹದ್ದಿಸರ ದಾರಿಯೂ ಇದಕ್ಕೆ ದೂರವಿರಲಿಲ್ಲ. ಹನ್ನೆರಡನೇ ಶತಮಾನದ ಬಗ್ದಾದಿನ ಇಬ್ನುಲ್ ಜೌಝಿ ಪ್ರವಾದಿಯವರ(ಸ) ಹೆಸರಿನಲ್ಲಿ ಹರಿಯಬಿಟ್ಟ ಸುಳ್ಳು ಹದೀಸ್‌ಗಳನ್ನು ಸುಟ್ಟು ಹಾಕಲಿಲ್ಲ. ಅವುಗಳದ್ದೇ ಒಂದು ಗ್ರಂಥ ರಚಿಸಿ, ಇವು ಕೃತಕ ಎಂದು ಶೀರ್ಷಿಕೆಯಲ್ಲೇ ಬರೆದು, ಕಟ್ಟಿದವರನ್ನು ಹೆಸರಿಸಿದರು. ಅವರಿಗಿಂತ ಎರಡು ಶತಮಾನ ಮೊದಲು ಅದೇ ನಗರದ ಪುಸ್ತಕ ವ್ಯಾಪಾರಿ ಇಬ್ನು ನದೀಮ್ ತಮ್ಮ 'ಫಿಹ್ರಿಸ್ತ್'ನಲ್ಲಿ ಮಾನಿಪಂಥದವರ ಗ್ರಂಥಗಳನ್ನೂ ಭಾರತೀಯ ಪಂಥಗಳ ವಿವರಗಳನ್ನೂ ದಾಖಲಿಸಿದ್ದರು.

ಅಳಿಸಿಬಿಡಿ ಎಂಬುದೇ ನಮ್ಮ ಏಕೈಕ ಬೇಡಿಕೆಯಾದರೆ ಏನಾಗುತ್ತದೆ ಎಂಬುದಕ್ಕೆ ರೋಹಿಂಗ್ಯನ್ನರ ಪ್ರಕರಣ ಸಾಕ್ಷಿ. 2018ರ ಆಗಸ್ಟ್‌ನಲ್ಲಿ ಫೇಸ್‌ಬುಕ್ ಮ್ಯಾನ್ಮಾರಿನ ಸೇನಾಧಿಕಾರಿಗಳ ಖಾತೆಗಳನ್ನು ತೆಗೆದುಹಾಕಿದಾಗ ನಾವೆಲ್ಲ ಸ್ವಾಗತಿಸಿದೆವು. 2019ರಲ್ಲಿ ಪುಟ್ಟ ಆಫ್ರಿಕನ್ ದೇಶ ಗಾಂಬಿಯಾ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ಮ್ಯಾನ್ಮಾರ್ ವಿರುದ್ಧ ಜನಾಂಗ ಹತ್ಯೆಯ ದಾವೆ ಹೂಡಿತು. ಪುರಾವೆಗಾಗಿ ಅಳಿಸಿದ ಬರಹಗಳನ್ನು ಕೊಡಿ ಎಂದು ಅದು ಅಮೆರಿಕದ ನ್ಯಾಯಾಲಯದ ಮೂಲಕ ಕೇಳಿದಾಗ ಫೇಸ್‌ಬುಕ್ ಗ್ರಾಹಕರ ಗೌಪ್ಯತೆಯ ಕಾನೂನನ್ನು ಮುಂದೊಡ್ಡಿತು. 2021ರ ಸೆಪ್ಟೆಂಬರ್‌ನಲ್ಲಿ ಕೊಡಬೇಕೆಂದು ಆದೇಶವಾಯಿತು, ಡಿಸೆಂಬರ್‌ನಲ್ಲಿ ಮೇಲಿನ ನ್ಯಾಯಾಧೀಶರು ಅದನ್ನು ರದ್ದುಗೊಳಿಸಿದರು. ದ್ವೇಷ ಹರಡುವಾಗ ಎಲ್ಲರಿಗೂ ತೆರೆದಿದ್ದ ಬರಹ, ಅದರ ಬಲಿಪಶುಗಳು ಪುರಾವೆ ಕೇಳುವಾಗ ಖಾಸಗಿಯಾಗಿ ಬಿಟ್ಟಿತು!

ಮೈಸೂರು, ಧಾರವಾಡ, ಬೆಂಗಳೂರು, ಮಂಗಳೂರು ವಿಶ್ವವಿದ್ಯಾನಿಲಯಗಳಲ್ಲಿ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ವಿಭಾಗಗಳಿವೆ. ಕಾಲೇಜು ಗ್ರಂಥಾಲಯದ ಬಳಕೆದಾರರ ತೃಪ್ತಿಯ ಬಗ್ಗೆ ಮತ್ತೊಂದು ಪ್ರಶ್ನಾವಳಿ ಹಂಚುವ ಬದಲು ಒಬ್ಬ ವಿದ್ಯಾರ್ಥಿಯಾದರೂ ಕನ್ನಡದ ದ್ವೇಷ ಬರಹದ ಸಂಗ್ರಹ ಮತ್ತು ವರ್ಗೀಕರಣವನ್ನು ಕೈಗೆತ್ತಿಕೊಳ್ಳಲಿ ಎಂದು ನಾವು ಕೋರುತ್ತೇವೆ. ಆ ಸಂಗ್ರಹದಲ್ಲಿ ಮುಸ್ಲಿಮರ ವಿರುದ್ಧದ್ದು ಮಾತ್ರವಲ್ಲ, ದಲಿತರ, ಕ್ರೈಸ್ತರ, ಮಹಿಳೆಯರ ವಿರುದ್ಧದ್ದೂ, ಮುಸ್ಲಿಮರ ಬಾಯಿಯಿಂದ ಹೊರಟದ್ದೂ ಇರಬೇಕು. ಇಲ್ಲವಾದರೆ ಅದು ಸಂಶೋಧನೆಯಾಗದೆ ದೂರುಗಳ ಕಟ್ಟಾದೀತು. ದ್ವೇಷ ಯಾವುದೆಂದು ತೀರ್ಮಾನಿಸುವವರು ಯಾರು ಎಂಬ ಆಕ್ಷೇಪ ಏಳುತ್ತದೆ, ಏಳಲಿ. ಕಠಿಣ ಕಾನೂನುಗಳು ದುರ್ಬಲರ ಮೇಲೆಯೇ ಮೊದಲು ಪ್ರಯೋಗವಾಗುವುದನ್ನು ನಾವು ಕಂಡಿದ್ದೇವೆ. ಆದರೆ ಗ್ರಂಥಪಾಲಕನ ಚೀಟಿಗೆ ಯಾರನ್ನೂ ಜೈಲಿಗೆ ಕಳುಹಿಸುವ ಅಧಿಕಾರವಿಲ್ಲ. ಅದು ತಪ್ಪಾಗಿದ್ದರೆ ಬರ್ಮನ್‌ರಂತೆ ಪ್ರಶ್ನಿಸಿ ಬದಲಿಸಬಹುದು.

ವಿಶ್ವವಿದ್ಯಾನಿಲಯಗಳು ಎಚ್ಚೆತ್ತುಕೊಳ್ಳುವವರೆಗೆ ಕಾಯಬೇಕಾಗಿಲ್ಲ. ನಮ್ಮ ಜಮಾಅತ್‌ಗಳ, ಮಹಲ್ಲುಗಳ ಬಳಿ ವಾಚನಾಲಯಗಳಿವೆ. ಬಹುತೇಕ ಕಡೆ ಹಳೆಯ ಪತ್ರಿಕೆಗಳನ್ನು ತಿಂಗಳಿಗೊಮ್ಮೆ ರದ್ದಿಗೆ ಹಾಕಲಾಗುತ್ತದೆ. ಅಲ್ಲಿ ಒಂದು ಕತ್ತರಿ, ಒಂದು ಫೈಲು, ಒಂದು ಹಾರ್ಡ್ ಡಿಸ್ಕ್ ಮತ್ತು ದಿನಾಂಕ ಬರೆಯುವ ತಾಳ್ಮೆಯಿರುವ ಓರ್ವ ಯುವತಿ ಅಥವಾ ಯುವಕ ಇದ್ದರೆ ಕೆಲಸ ಆರಂಭಿಸಬಹುದು. ಮುಂದಿನ ಬಾರಿ ನಮಗೆ ತುಣುಕು ಕಳುಹಿಸುವ ಓದುಗರು ಅದರ ಜತೆಗೆ ಊರು, ದಿನಾಂಕ ಮತ್ತು ಎಲ್ಲಿಂದ ದೊರೆಯಿತು ಎಂಬ ಮೂರು ವಿವರಗಳನ್ನು ಬರೆದು ಕಳುಹಿಸಬೇಕೆಂದು ವಿನಂತಿ.